ಬಿದ್ದಳಂತೆ

ಹುಡುಗಿ ಎದ್ದು ಹೋಗಿ ಹತ್ತು ನಿಮಿಷವಾಗಿದ್ದರೂ ದಂತವೈದ್ಯೆ ಕೈ ತೊಳೆಯುತ್ತಲೇ ಇದ್ದಳು. ಗವಸು ಹಾಕಿಕೊಂಡಿದ್ದ ಕೈಗೆ ಏನೂ ಅಂಟಿರಲಿಲ್ಲ. ಆದರೂ ಬೆರಳ ಸಂದುಗಳನ್ನು ಒಂದೊಂದಾಗಿ ಉಜ್ಜುತ್ತ, ಕಂಡದ್ದನ್ನು ಮತ್ತೊಮ್ಮೆ ಕಣ್ಣ ಮುಂದೆ ತಂದುಕೊಳ್ಳುತ್ತಿದ್ದಳು. ಏಳು ವರ್ಷದ ಹುಡುಗಿ. ಮೇಲಿನ ಮುಂಬಲ್ಲು ಅರ್ಧಕ್ಕೆ ಮುರಿದಿತ್ತು. ಹಾಲುಹಲ್ಲು ಬಿದ್ದು ಈಗಷ್ಟೇ ಹುಟ್ಟಿದ್ದ, ಬಾಳಪೂರ್ತಿ ಇರಬೇಕಾದ ಹಲ್ಲು. ಅದನ್ನು ತೋರಿಸಲೆಂದೇ ಅಪ್ಪ ಕರೆತಂದಿದ್ದ. ಮಕ್ಕಳು ಬೀಳುತ್ತಾರೆ, ಹಲ್ಲು ಮುರಿಯುತ್ತದೆ, ವಾರಕ್ಕೊಂದಾದರೂ ಅಂಥದ್ದು ಬರುತ್ತದೆ. ಆದರೆ ತುಟಿ ಎತ್ತಿ ನೋಡಿದಾಗ, ಮೇಲ್ದುಟಿಯನ್ನು ಒಸಡಿಗೆ ಕಟ್ಟಿಹಾಕಿದಂತಿರುವ ಆ ಎಳೆಯಷ್ಟು ಚರ್ಮ ಹರಿದಿತ್ತು, ಅದರ ಪಕ್ಕದಲ್ಲೇ ಹಿಂದೊಮ್ಮೆ ಹರಿದು ಕೂಡಿಕೊಂಡ ಬಿಳಿ ಗೆರೆಯಿತ್ತು. ಬೆಳಕು ಬೀಳಲೆಂದು ಹುಡುಗಿಯ ತಲೆಯನ್ನು ಓರೆ ಮಾಡಿದಾಗ ಕಿವಿಯ ಮಡಿಕೆಯಲ್ಲೊಂದು, ಕಿವಿಯ ಹಿಂದೊಂದು, ಹಳದಿಗೆ ತಿರುಗುತ್ತಿದ್ದ ಕಲೆಗಳು ಕಂಡವು. ಹಿಡಿದು ತಿರುಚಿದ ಬೆರಳುಗಳ ಗುರುತು. ಬೀಳುವವರು ಮೊಣಕಾಲು ಒಡೆದುಕೊಳ್ಳುತ್ತಾರೆ, ಗಲ್ಲ ಒಡೆದುಕೊಳ್ಳುತ್ತಾರೆ, ಹಣೆ ಊದಿಸಿಕೊಳ್ಳುತ್ತಾರೆ. ಕಿವಿಯ ಹಿಂದಕ್ಕೆ ಯಾರೂ ಬೀಳುವುದಿಲ್ಲ.

ಹೇಗಾಯ್ತು ಎಂದು ಕೇಳಿದ್ದಕ್ಕೆ ಆ ಅಪ್ಪ ಕಣ್ಣೆತ್ತಿ ನೋಡದೆ, "ಬಿದ್ಳಂತೆ" ಎಂದಿದ್ದ. ಅಷ್ಟೇ. ಎಲ್ಲಿ, ಯಾವಾಗ ಎಂದು ಕೇಳುವಷ್ಟರಲ್ಲಿ ಅವನ ಫೋನು ಮೂರನೆಯ ಸಲ ಬಡಿದುಕೊಂಡಿತ್ತು. ಅವನು ಲಿಫ್ಟ್ ರಿಪೇರಿ ಮಾಡುವವನು. ಎಲ್ಲೋ ಐದನೆಯ ಮಹಡಿಯಲ್ಲಿ ಯಾರೋ ಸಿಕ್ಕಿಹಾಕಿಕೊಂಡಿದ್ದರು. ಬರ್ತೀನಿ ಅಂದ್ನಲ್ಲ, ಬರ್ತೀನಿ ಎಂದು ಫೋನಿಗೆ ಗದರಿದವನು ಅದೇ ದನಿಯಲ್ಲಿ ಮಗಳ ಕಡೆ ತಿರುಗಿ ಸುಮ್ಮನಿರು ಎಂದಿದ್ದ. ಹುಡುಗಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಕಿರುಚುತ್ತಿದ್ದಳು, ಅವನ ಹೊಟ್ಟೆಗೆ ಕಾಲಿನಿಂದ ಒದೆಯುತ್ತಿದ್ದಳು. ಅವನು ಅವಳ ಎರಡೂ ತೋಳು ಹಿಡಿದು ಎತ್ತಿ ಮೂಟೆಯಂತೆ ಕುರ್ಚಿಯ ಮೇಲೆ ಇಟ್ಟಿದ್ದ. ದೊಡ್ಡ ಕೈಗಳು, ಉಗುರಿನ ಅಂಚಿಗೆ ಕಪ್ಪು. ಆ ಕೈಗಳು ಹತ್ತಿರ ಬಂದಾಗ ಸೀಮೆಎಣ್ಣೆಯ ವಾಸನೆ ಬಂದಿತ್ತು. ದಂತವೈದ್ಯೆ ಚಿಕ್ಕವಳಿದ್ದಾಗ, ಬಸ್ ಡಿಪೋದ ವರ್ಕ್‌ಶಾಪಿನಿಂದ ಸಂಜೆ ಬಂದ ಅವಳ ಅಪ್ಪ ಬಚ್ಚಲಲ್ಲಿ ಸೀಮೆಎಣ್ಣೆಯಿಂದ ಗ್ರೀಸು ತೊಳೆದುಕೊಳ್ಳುವಾಗ, ಅವಳು ಕೋಣೆಯಲ್ಲಿ ಪುಸ್ತಕ ತೆರೆದಿಟ್ಟುಕೊಂಡು ನೀರು ಸುರಿಯುವ ಚೊಂಬುಗಳನ್ನು ಎಣಿಸುತ್ತಿದ್ದಳು. ಮೊದಲು ವಾಸನೆ, ಆಮೇಲೆ ನೆರಳು, ಆಮೇಲೆ ಕೈ. ಯಾಕೆ ಹೊಡೆದ ಎಂದು ಒಂದು ದಿನವೂ ತಿಳಿದದ್ದಿಲ್ಲ. ಸೋದರತ್ತೆ ಮನೆಗೆ ಬಂದಿದ್ದರೆ ಮಾತ್ರ ಏನೂ ಆಗುತ್ತಿರಲಿಲ್ಲ; ಅತ್ತೆ ಅವಳನ್ನು ಬೆನ್ನ ಹಿಂದೆ ಎಳೆದುಕೊಂಡು, ನನ್ನ ಮೈ ಮುಟ್ಟಿ ಆಮೇಲೆ ಅವಳ ಮೈ ಮುಟ್ಟು ಎನ್ನುತ್ತಿದ್ದಳು. ಹೊಡೆಯುತ್ತಿದ್ದ ಆ ಅಪ್ಪ ಸತ್ತು ಹದಿನಾರು ವರ್ಷವಾಗಿತ್ತು.

ನಲ್ಲಿ ನಿಲ್ಲಿಸಿದಾಗ ಪಕ್ಕದಲ್ಲಿ ಸಿಸ್ಟರಮ್ಮ ನಿಂತಿದ್ದಳು. ಕ್ಲಿನಿಕ್ಕು ಶುರುವಾದಾಗಿನಿಂದ ಉಪಕರಣಗಳನ್ನು ಕುದಿಸಿ ಒರೆಸಿ ಇಡುವ, ಮಕ್ಕಳ ಗಲ್ಲ ಹಿಡಿದುಕೊಳ್ಳುವ, ಬೇಡದವರ ಫೋನಿಗೆ ಡಾಕ್ಟ್ರು ಇಲ್ಲ ಎನ್ನುವ ಹೆಂಗಸು. ಕಿವಿ ನೋಡಿದ್ರಾ ಎಂದು ಕೇಳಿದಳು. ನೋಡಿದೆ ಎಂದಳು ದಂತವೈದ್ಯೆ. ನಾನೂ ನೋಡಿದೆ ಎಂದು ಸಿಸ್ಟರಮ್ಮ ಟ್ರೇ ಎತ್ತಿಕೊಂಡು ಹೋದಳು. ಹೇಳಬೇಕಾದದ್ದು ಗೋಡೆಯ ಮೇಲೇ ಇತ್ತು: ಮಗುವಿನ ಮೇಲೆ ದೌರ್ಜನ್ಯ ನಡೆದಿದೆ ಎಂಬ ಸಂಶಯ ಬಂದರೆ ವೈದ್ಯರು, ಶಿಕ್ಷಕರು ಒಂದು ದಿನದೊಳಗೆ ತಿಳಿಸತಕ್ಕದ್ದು, ಸಾಕ್ಷಿ ಬೇಕಿಲ್ಲ, ಸಂಶಯ ಸಾಕು, ತಿಳಿಸದಿರುವುದು ಅಪರಾಧ, ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ನಂಬರು. ಎರಡು ವರ್ಷದ ಹಿಂದೆ ಯಾರೋ ಬಂದು ಅಂಟಿಸಿ ಸಹಿ ಹಾಕಿಸಿಕೊಂಡು ಹೋಗಿದ್ದರು. ದಿನಾ ಕಣ್ಣಿಗೆ ಬೀಳುವ ಕಾಗದವನ್ನು ಅವಳು ಅಂದೇ ಮೊದಲ ಸಲ ಪೂರ್ತಿ ಓದಿದಳು. ಆಮೇಲೆ ಕುರ್ಚಿಗೆ ಬಂದು ಹುಡುಗಿಯ ಕಾರ್ಡಿನಲ್ಲಿ ಕಂಡದ್ದನ್ನೆಲ್ಲ ಬರೆದು, ಗುರುವಾರ ಮತ್ತೆ ಬರಲು ಹೇಳಿದ್ದಾಗಿದೆ, ಆಗ ಇನ್ನೊಮ್ಮೆ ಸರಿಯಾಗಿ ನೋಡಿ ನಿರ್ಧರಿಸುತ್ತೇನೆ ಎಂದುಕೊಂಡಳು. ಅಂದು ಸೋಮವಾರ. ಒಂದು ದಿನವೆಂದರೆ ಮಂಗಳವಾರ ಎಂಬ ಲೆಕ್ಕ ತಿಳಿಯದವಳಲ್ಲ.

ಸಂಜೆ ತನಗೆ ಪಾಠ ಹೇಳಿದ್ದ ಹಿರಿಯ ಡಾಕ್ಟರಿಗೆ ಫೋನು ಮಾಡಿದಳು. ಅವರು ಎಲ್ಲವನ್ನೂ ಕೇಳಿಸಿಕೊಂಡು ನಕ್ಕರು. ನಿನಗೆ ಹಲ್ಲು ನೋಡಮ್ಮ ಅಂತ ಕೊಟ್ಟರೆ ಕಿವಿ ಯಾಕೆ ನೋಡಿದೆ, ಕಿವಿ ಡಾಕ್ಟರು ಹೊಟ್ಟೆಗೇನು ತಿನ್ನಬೇಕು ಎಂದರು. ಅವಳೂ ನಕ್ಕಳು, ನಕ್ಕದ್ದಕ್ಕೆ ಆಮೇಲೆ ನಾಚಿಕೆಯಾಯಿತು. ಅವರು ದನಿ ತಗ್ಗಿಸಿ, ಹೋಗಿ ಹೇಳಿದೆ ಅಂತಿಟ್ಟುಕೋ, ಸುಳ್ಳಾದರೆ ಆ ಮನೆಯವರು ಬೀದಿಗೆ ಬರುತ್ತಾರೆ, ನಿಜವಾದರೆ ನೀನು ಕಚೇರಿ ಅಲೆಯುತ್ತೀಯ, ಎರಡರಲ್ಲೂ ನಿನ್ನ ಕುರ್ಚಿ ಖಾಲಿ ಎಂದರು. ಮಂಗಳವಾರ ಮಧ್ಯಾಹ್ನ ಅವಳು ಆ ನಂಬರನ್ನು ಒತ್ತಿ, ಒಂದು ಸಲ ಗಂಟೆಯಾಗುವಷ್ಟರಲ್ಲಿ ದವಡೆ ಊದಿಸಿಕೊಂಡ ಮುದುಕರೊಬ್ಬರು ಒಳಗೆ ಬಂದದ್ದು ನೋಡಿ ಇಟ್ಟುಬಿಟ್ಟಳು. ಇಟ್ಟಾಗ ಆದ ನೆಮ್ಮದಿ ಎಂಥದ್ದೆಂದರೆ, ಆ ಮುದುಕರ ಕೈ ಹಿಡಿದು ಕುರ್ಚಿಯವರೆಗೆ ನಡೆಸಿಕೊಂಡು ಬಂದಳು. ಬುಧವಾರ ಫೋನು ಮುಟ್ಟಲೇ ಇಲ್ಲ. ಊಟಕ್ಕೆ ಕೂತಾಗ, ಬಸ್ಸಿನಲ್ಲಿ ನಿಂತಾಗ, ಈಗ ಆ ಮನೆಯಲ್ಲಿ ಏನಾಗುತ್ತಿರಬಹುದು ಎಂಬ ಯೋಚನೆ ಬಂದರೆ, ಏನೂ ಆಗುತ್ತಿರಲಾರದು ಎಂದು ತನಗೆ ತಾನೇ ಗಟ್ಟಿಯಾಗಿ ಹೇಳಿಕೊಂಡಳು.

ಗುರುವಾರ ಹುಡುಗಿಯನ್ನು ಕರೆತಂದದ್ದು ಅಪ್ಪನಲ್ಲ, ಅತ್ತೆ. ತಾನು ಹುಡುಗಿಯ ಅಪ್ಪನ ಅಕ್ಕ, ತಾಯಿ ಹೋಗಿ ಎರಡು ವರ್ಷವಾಯಿತು, ಅಂದಿನಿಂದ ತಾನೇ ಮನೆ ನೋಡಿಕೊಳ್ಳುತ್ತಿರುವುದು ಎಂದು ಆಕೆಯೇ ಹೇಳಿಕೊಂಡಳು. ಐವತ್ತರ ಹೆಂಗಸು, ಒಪ್ಪವಾಗಿ ಬಾಚಿದ ತಲೆ, ಮೆತ್ತಗಿನ ಮಾತು. ಬಂದವಳೇ ಹುಡುಗಿಯ ಚಪ್ಪಲಿಗಳನ್ನು ಬಾಗಿಲಲ್ಲಿ ಜೋಡಿಸಿಟ್ಟು, ಸೋಮವಾರ ಇವಳು ನಿಮಗೆ ತುಂಬಾ ಕಾಟ ಕೊಟ್ಟಳಂತೆ, ಬೇಜಾರು ಮಾಡಿಕೊಳ್ಳಬೇಡಿ ಎಂದಳು. ಈ ದಿನ ಕಾಟವೇ ಇರಲಿಲ್ಲ. ಹುಡುಗಿ ತಾನಾಗಿ ಕುರ್ಚಿ ಹತ್ತಿದಳು, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು, ದಂತವೈದ್ಯೆ ಕನ್ನಡಿ ಎತ್ತಿಕೊಳ್ಳುವ ಮುಂಚೆಯೇ ಬಾಯಿ ತೆರೆದಳು. ಎಷ್ಟು ಹೊತ್ತು ಬೇಕಾದರೂ ತೆರೆದೇ ಇರುವಂತೆ ತೆರೆದಳು. ಎಂಥ ಜಾಣೆ, ಎಂದಳು ದಂತವೈದ್ಯೆ, ಮುರಿದ ಹಲ್ಲಿಗೆ ತಾತ್ಕಾಲಿಕ ಸಿಮೆಂಟು ಹಾಕುತ್ತ. ಅತ್ತೆ ಮುಗುಳ್ನಕ್ಕು ಹೇಗಾಯಿತೆಂದು ತಾನೇ ವಿವರಿಸಿದಳು: ಶನಿವಾರ ಬೆಳಗ್ಗೆ, ಒದ್ದೆ ನೆಲ, ಮೂರನೆಯ ಮೆಟ್ಟಿಲು, ಕೈಯಲ್ಲಿ ಗೊಂಬೆ, ನಾನು ಒಳಗೆ ಪಾತ್ರೆ ತೊಳೆಯುತ್ತಿದ್ದೆ, ಸದ್ದು ಕೇಳಿ ಓಡಿಬಂದೆ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು. ಕೇಳುತ್ತ ಕೇಳುತ್ತ ದಂತವೈದ್ಯೆಗೆ ಈ ಹೆಂಗಸು ಯಾರನ್ನೋ ಕಾಪಾಡುತ್ತಿದ್ದಾಳೆ ಎನ್ನಿಸಿತು. ತನ್ನ ಅತ್ತೆಯೂ ಅಪ್ಪನ ಬಗ್ಗೆ ಹೊರಗಿನವರ ಮುಂದೆ ಹೀಗೇ ಮಾತಾಡುತ್ತಿದ್ದಳಲ್ಲವೆ, ಮುಚ್ಚಿ, ಹೊಲಿದು. ಏಳುವಾಗ ಹೆಂಗಸು ಹುಡುಗಿಯ ಬಾಯಿ ಒರೆಸಿ, ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದಳು:

"ನನ್ನ ತಮ್ಮ ಒಳ್ಳೆಯವನೇ ಡಾಕ್ಟ್ರೇ. ಸ್ವಲ್ಪ ಕೋಪ ಜಾಸ್ತಿ, ಅಷ್ಟೆ."

ಅವರು ಮೆಟ್ಟಿಲಿಳಿದ ಸದ್ದು ನಿಂತ ಕೂಡಲೇ ದಂತವೈದ್ಯೆ ಫೋನು ತೆಗೆದುಕೊಂಡಳು. ಮೂರು ದಿನ ಆಗದ ಕೆಲಸ ಈಗ ಮೂರು ನಿಮಿಷದಲ್ಲಿ ಆಯಿತು. ಮೈಯಲ್ಲಿ ಹೊಸ ರಕ್ತ ಹರಿದಂತಿತ್ತು. ಮಕ್ಕಳ ರಕ್ಷಣಾ ಕಚೇರಿಯಿಂದ ಮಾತಾಡಿದ್ದು ಒಬ್ಬ ಹೆಂಗಸು, ಏನೂ ಏರಿಳಿತವಿಲ್ಲದ ದನಿ. ತುಟಿ, ಹಳೆಯ ಗೆರೆ, ಕಿವಿ, ಕಲೆಗಳ ಬಣ್ಣ, ಎಲ್ಲವನ್ನೂ ಕೇಳಿ ಬರೆದುಕೊಂಡಳು. ಸೋಮವಾರ ನೋಡಿದ್ದನ್ನು ಗುರುವಾರ ಯಾಕೆ ಹೇಳುತ್ತಿದ್ದೀರಿ ಎಂದೂ ಕೇಳಿದಳು. ದಂತವೈದ್ಯೆ ಕ್ಲಿನಿಕ್ಕಿನಲ್ಲಿ ಕೆಲಸ ಜಾಸ್ತಿಯಿತ್ತು ಎಂದಳು. ಮನೆಯಲ್ಲಿ ಯಾರ ಮೇಲೆ ಸಂಶಯ ಎಂದು ಕೇಳಿದಾಗ, ತಂದೆ ಎಂದಳು. ಆ ಕಡೆ ಪೆನ್ನು ನಿಂತದ್ದು ಇವಳಿಗೆ ಗೊತ್ತಾಯಿತು.

"ಇದು ನೀವು ನೋಡಿದ್ದಾ, ನಿಮಗೆ ಅನ್ನಿಸಿದ್ದಾ?"

"ನೋಡಿದ್ದು," ಎಂದಳು ದಂತವೈದ್ಯೆ. "ಮಗು ಅವರನ್ನ ಕಂಡ್ರೆ ಹೆದರುತ್ತೆ. ನನ್ನ ಕಣ್ಣೆದುರೇ ತೋಳು ಹಿಡಿದು ಎಳೆದ್ರು."

ಹೇಳಿದ ಒಂದೊಂದು ಮಾತೂ ಹೆಚ್ಚುಕಡಿಮೆ ನಿಜವೇ. ಮರುದಿನ ಲಿಖಿತವಾಗಿ ಕಳಿಸಬೇಕಾದ ನಮೂನೆ ಬಂದಾಗ, ಕಂಡದ್ದೇನು ಎಂಬಲ್ಲಿ ಎರಡು ಪುಟ ಬರೆದಳು. ಸಂಶಯಿತ ವ್ಯಕ್ತಿ, ತಿಳಿದಿದ್ದರೆ, ಎಂದಿದ್ದಲ್ಲಿ ತಂದೆ ಎಂದು ಬರೆದಾಗ ಪೆನ್ನಿನ ಒತ್ತು ಕೆಳಗಿನ ಹಾಳೆಯ ಮೇಲೂ ಮೂಡಿತು. ಸಿಸ್ಟರಮ್ಮ ಸಾಕ್ಷಿಯ ಜಾಗದಲ್ಲಿ ಸಹಿ ಹಾಕುವ ಮುಂಚೆ ಆ ಪದದ ಮೇಲೆ ಬೆರಳಿಟ್ಟಳು. ಅದು ನಾನು ನೋಡಿಲ್ಲ ಡಾಕ್ಟ್ರೇ, ಕಿವಿ ನೋಡಿದ್ದಕ್ಕೆ ಹಾಕ್ತೀನಿ ಎಂದು ಹೇಳಿ, ಕಲೆಗಳ ಬಗ್ಗೆ ಬರೆದ ಪುಟದಲ್ಲಿ ಮಾತ್ರ ಸಹಿ ಹಾಕಿದಳು. ಏಳನೇ ತರಗತಿಯವರೆಗೆ ಓದಿದವಳು ತನಗೆ ಪಾಠ ಹೇಳಿದಂತೆ ಅನ್ನಿಸಿ ದಂತವೈದ್ಯೆ ಆ ದಿನವಿಡೀ ಅವಳೊಂದಿಗೆ ಬಿಗಿಯಾಗಿಯೇ ಇದ್ದಳು.

ವರದಿ ಕೊಟ್ಟವರ ಹೆಸರು ಗುಟ್ಟಾಗಿರುತ್ತದೆ. ಆದರೆ ಒಂದು ಮಗುವಿನ ತುಟಿಯೊಳಗೆ ಎಷ್ಟು ಜನ ಬಗ್ಗಿ ನೋಡಿರುತ್ತಾರೆ? ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಕಿಟಕಿಯಿಂದ ನೋಡಿದರೆ, ರಸ್ತೆಯ ಆಚೆ ಆ ಲಿಫ್ಟಿನವನು ನಿಂತು ಕ್ಲಿನಿಕ್ಕಿನ ಬೋರ್ಡನ್ನು ನೋಡುತ್ತಿದ್ದ. ಅವನನ್ನು ಮನೆಯಿಂದ ದೂರ ಇರಲು ಹೇಳಿದ್ದಾರೆ, ವಿಚಾರಣೆ ಮುಗಿಯುವವರೆಗೆ ಮಗುವನ್ನು ಒಬ್ಬನೇ ಕಾಣುವಂತಿಲ್ಲ, ಮಗು ಅತ್ತೆಯ ಬಳಿ ಇದೆ ಎಂಬುದಷ್ಟು ಅವಳಿಗೆ ಕಚೇರಿಯಿಂದ ತಿಳಿದಿತ್ತು. ಗಡ್ಡ ಬೆಳೆದಿತ್ತು; ಅಂಗಿ ಅದೇ ಅಂಗಿ. ಅವನು ರಸ್ತೆ ದಾಟಿದ. ಅವಳು ಸಿಸ್ಟರಮ್ಮನಿಗೆ ನಾನಿಲ್ಲ ಎಂದು ಸನ್ನೆ ಮಾಡಿ, ಎಕ್ಸ್‌ರೇ ಕೋಣೆಯೊಳಗೆ ಹೋಗಿ ಚಿಲಕ ಹಾಕಿಕೊಂಡಳು. ಮೆಟ್ಟಿಲ ಮೇಲೆ ಬೂಟಿನ ಸದ್ದು ಬಂತು, ಅರ್ಧದಲ್ಲಿ ನಿಂತಿತು. ಕತ್ತಲಲ್ಲಿ, ನಲವತ್ಮೂರು ವರ್ಷದ ಹೆಂಗಸು, ಗೋಡೆಗೆ ಬೆನ್ನು ಒತ್ತಿಕೊಂಡು ನಿಂತಿದ್ದಳು. ಬಂದರೆ ಏನು ಮಾಡುತ್ತಾನೆ, ಹೊಡೆಯುತ್ತಾನೆಯೆ? ಹೊಡೆದುಬಿಡಲಿ ಎಂದು ಒಂದು ಕ್ಷಣ ಅನ್ನಿಸಿದ್ದು ಅವಳಿಗೇ ದಿಗಿಲು ಹುಟ್ಟಿಸಿತು. ಹೊಡೆದರೆ ತಾನು ಬರೆದದ್ದು ಸರಿಯೆಂದಾಗುತ್ತಿತ್ತು. ಸದ್ದು ನಿಧಾನವಾಗಿ ಕೆಳಗಿಳಿದು ಹೋಯಿತು. ಹೊರಗೆ ಬಂದಾಗ ಕುರ್ಚಿಯಲ್ಲಿದ್ದ ರೋಗಿ ಬಾಯಿಯಲ್ಲಿ ಹತ್ತಿ ಇಟ್ಟುಕೊಂಡು ಅವಳನ್ನೇ ನೋಡುತ್ತಿದ್ದ.

ವರದಿ ಕೊಟ್ಟ ಹನ್ನೆರಡನೆಯ ದಿನ ಕಚೇರಿಯ ಅಧಿಕಾರಿ ತಾನೇ ಬಂದಳು. ಫೋನಿನಲ್ಲಿ ಕೇಳಿದ್ದ ಅದೇ ಸಪಾಟು ದನಿ, ಆದರೆ ಮುಖ ನೋಡಿದರೆ ಮೂರು ದಿನ ನಿದ್ದೆಯಿಲ್ಲದವಳಂತಿದ್ದಳು. ಶಾಲೆಯಲ್ಲಿ ಹುಡುಗಿ ಎಡಗೈಯಿಂದ ಪುಸ್ತಕ ಎತ್ತಲಾರದೆ ಇದ್ದದ್ದನ್ನು ಟೀಚರು ಗಮನಿಸಿದ್ದರು. ಮಣಿಕಟ್ಟಿನ ಮೇಲೆ ಮೂಳೆ ಬಿರುಕು ಬಿಟ್ಟಿತ್ತು. ಟೀಚರು ಆ ಗಂಟೆಯಲ್ಲೇ ಫೋನು ಮಾಡಿದ್ದರು. ಮೂಳೆ ಬಿರುಕು ಬಿಟ್ಟು ಎರಡು ದಿನವಾಗಿರಬಹುದು ಎಂದರಂತೆ ಆಸ್ಪತ್ರೆಯವರು. ಆಗಲೇ ತಂದೆ ಮನೆ ಬಿಟ್ಟು ಎಂಟು ದಿನವಾಗಿತ್ತು. ಯಾರು ಮಾಡಿದ್ದು ಎಂದು ಯಾರೂ ಕೇಳಬೇಕಾಗಿರಲಿಲ್ಲ, ಆದರೂ ಹುಡುಗಿ ಹೇಳಿದಳು. ಅತ್ತೆಯನ್ನು ಕರೆಸಿ ಕೇಳಿದಾಗ ಆಕೆ ಅಲ್ಲಗಳೆಯಲೂ ಇಲ್ಲ, ದನಿ ಏರಿಸಲೂ ಇಲ್ಲ. ಹೆತ್ತವಳು ಬಿಟ್ಟುಹೋದಳು, ಇವನು ಇಡೀ ದಿನ ಊರ ಲಿಫ್ಟು ಕಾಯುತ್ತಾನೆ, ಮಗುವಿಗೆ ಶಿಸ್ತು ಕಲಿಸಲು ಇನ್ಯಾರಿದ್ದಾರೆ ಎಂದಳಂತೆ. ಈಗ ಆಕೆ ಆ ಮನೆಯಲ್ಲಿಲ್ಲ, ತಂದೆ ವಾಪಸು ಬಂದಿದ್ದಾನೆ, ಮೊಕದ್ದಮೆ ನಡೆಯುತ್ತದೆ. ಅಧಿಕಾರಿ ಒಂದು ಲೋಟ ನೀರು ಕೇಳಿ ಕುಡಿದಳು.

"ನಿಮ್ಮ ವರದಿ ಇಲ್ದಿದ್ರೆ ಆ ಮನೆ ಯಾರ ಕಣ್ಣಿಗೂ ಬೀಳ್ತಿರ್ಲಿಲ್ಲ. ಟೀಚರಿಗೂ ನಾವು ಮೊದಲೇ ಹೇಳಿದ್ದಕ್ಕೇ ಗಮನ ಇಟ್ಟಿದ್ರು," ಎಂದಳು. "ಆದ್ರೆ ಮಗುನ ಅಲ್ಲಿ ಬಿಟ್ಟಿದ್ದು ನಾವು. ತಂದೆ ಅಂತ ನೀವು ಬರೆದ್ರಿ, ನಾವು ನಂಬಿದ್ವಿ. ಇಬ್ರೂ ಹೊರಬೇಕು ಇದನ್ನ."

ಬೈಯಲು ಬಂದಿರಲಿಲ್ಲ ಆಕೆ. ಬೈದಿದ್ದರೆ ದಂತವೈದ್ಯೆಗೆ ಎದುರು ನಿಲ್ಲಲು ಏನಾದರೂ ಸಿಕ್ಕುತ್ತಿತ್ತು. ಅಧಿಕಾರಿ ಹೋದ ಮೇಲೆ ಕಪಾಟಿನಿಂದ ಹುಡುಗಿಯ ಕಾರ್ಡು ತೆಗೆದಳು. ಮೊದಲ ಸಾಲಿನಲ್ಲಿ ತನ್ನದೇ ದುಂಡಗಿನ ಅಕ್ಷರ: ತಂದೆಯ ಹೇಳಿಕೆ, ಬಿದ್ದಳಂತೆ. ಸೋಮವಾರ ಆ ಮಾತು ಅವಳ ಕಿವಿಗೆ ನುಣುಚಿಕೊಳ್ಳುವವನ ಮಾತಾಗಿ ಬಿದ್ದಿತ್ತು. ಈಗ ನೋಡಿದರೆ ಅಷ್ಟು ನೇರವಾದ ಮಾತು ಇನ್ನೊಂದಿರಲಿಲ್ಲ. ಬಿದ್ದಳು ಎಂದಿರಲಿಲ್ಲ ಅವನು. ಅವನು ಅಲ್ಲಿರಲಿಲ್ಲ, ಯಾರೋ ಹೇಳಿದ್ದನ್ನು ಹೇಳಿದ್ದ, ಹೇಳಿದವರನ್ನು ನಂಬಿದ್ದ. ಪದದ ಬಾಲದಲ್ಲಿದ್ದ ಎರಡಕ್ಷರದಲ್ಲಿ ಇಡೀ ಮನೆಯೇ ಇತ್ತು, ಅದನ್ನು ತನ್ನ ಕೈಯಾರೆ ಬರೆದೂ ಅವಳು ಓದಿರಲಿಲ್ಲ. ಓದಿದ್ದು ಬೇರೆ: ಉಗುರಿನ ಕಪ್ಪು, ಸೀಮೆಎಣ್ಣೆ. ಮತ್ತೆ ಸೋಮವಾರದ ಆ ಕಿರುಚಾಟ. ತಾನು ಚಿಕ್ಕವಳಿದ್ದಾಗ ಅಪ್ಪನ ಮುಂದೆ ಒಂದು ದಿನವಾದರೂ ಕಿರುಚಿದ್ದುಂಟೆ, ಅವನ ಹೊಟ್ಟೆಗೆ ಒದ್ದದ್ದುಂಟೆ? ಅಪ್ಪ ಕೋಣೆಗೆ ಬಂದರೆ ಅವಳು ಕೇಳುವ ಮುಂಚೆಯೇ ಎದ್ದು ನಿಂತು ಕೈ ಚಾಚುತ್ತಿದ್ದಳು. ಅಳುವುದೇನಿದ್ದರೂ ತನ್ನನ್ನು ಕಾಯುತ್ತಿದ್ದ ಅತ್ತೆಯ ಮುಂದೆ, ಒದೆಯುವುದೇನಿದ್ದರೂ ಅತ್ತೆಯನ್ನು. ಇದು ತನಗಲ್ಲದೆ ಇನ್ಯಾರಿಗೆ ತಿಳಿಯಬೇಕಿತ್ತು? ತಾನಾಗಿ ಬಾಯಿ ತೆರೆದು, ಕೈಗಳನ್ನು ತೊಡೆಯ ಕೆಳಗೆ ಬಚ್ಚಿಟ್ಟುಕೊಂಡು ಕೂತ ಹುಡುಗಿಗೆ ತಾನು ಜಾಣೆ ಎಂದು ಹೇಳಿ ಕಳಿಸಿದ್ದಳು. ಆ ಮೆಚ್ಚುಗೆಯನ್ನು ಹುಡುಗಿ ಆ ಮನೆಗೆ ಹೊತ್ತುಕೊಂಡು ಹೋಗಿದ್ದಳು. ಸಿಸ್ಟರಮ್ಮ ದೀಪ ಆರಿಸಲು ಬಂದವಳು, ಅವಳು ಕಾರ್ಡು ಹಿಡಿದು ಕೂತದ್ದು ನೋಡಿ ಪಕ್ಕದ ಸ್ಟೂಲಿನಲ್ಲಿ ಕೂತಳು. ದಂತವೈದ್ಯೆ, ನೀನು ಸರಿ ಸಹಿ ಹಾಕಿದ್ದೆ ಎಂದಳು. ಬಿಡಿ ಡಾಕ್ಟ್ರೇ, ನೋಡದೇ ಇದ್ದವರಿಗಿಂತ ವಾಸಿ ಎಂದಳು ಸಿಸ್ಟರಮ್ಮ. ಅದು ಸಮಾಧಾನವಾಗಲಿಲ್ಲ.

ಇನ್ನೆರಡು ವಾರ ಕಳೆದು ಒಂದು ಬೆಳಗ್ಗೆ, ಮೊದಲ ರೋಗಿಯೂ ಬರುವ ಮುಂಚೆ, ಅಪ್ಪ ಮಗಳು ಬಾಗಿಲಲ್ಲಿ ನಿಂತಿದ್ದರು. ಹುಡುಗಿಯ ಎಡಗೈಗೆ ಪ್ಲಾಸ್ಟರು, ಅದರ ಮೇಲೆ ಬಣ್ಣದ ಪೆನ್ನಿನಲ್ಲಿ ಶಾಲೆಯ ಗೆಳತಿಯರು ಬರೆದ ಹೂವು, ಬೆಕ್ಕು. ಹಲ್ಲಿಗೆ ಹಾಕಿದ್ದ ತಾತ್ಕಾಲಿಕ ಸಿಮೆಂಟು ಬಿದ್ದುಹೋಗಿದೆ ಎಂದ ಅವನು. ಊರಿನಲ್ಲಿ ಇನ್ನೂ ಹತ್ತು ಜನ ಹಲ್ಲಿನ ಡಾಕ್ಟರಿದ್ದರು. ದಂತವೈದ್ಯೆ ಎದ್ದು ನಿಂತಳು. ಎರಡು ವಾರದಿಂದ ಮನಸ್ಸಿನಲ್ಲೇ ಜೋಡಿಸಿಟ್ಟಿದ್ದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. ಆ ದಿನ ನಾನು ಎಕ್ಸ್‌ರೇ ಕೋಣೆಯೊಳಗಿದ್ದೆ ಎಂಬುದೇ ಮೊದಲು ಬಾಯಿಗೆ ಬಂತು. ಗೊತ್ತಿತ್ತು, ರಸ್ತೆಯಿಂದಲೇ ಕಿಟಕಿಯಲ್ಲಿ ನೀವು ಕಂಡಿದ್ರಿ, ಆಮೇಲೆ ಕಾಣಲಿಲ್ಲ ಎಂದ ಅವನು.

"ನಾನು ನೋಡಿದಷ್ಟನ್ನೇ ಬರೀಬೇಕಿತ್ತು," ಎಂದಳು. "ನೋಡದೇ ಇದ್ದದ್ದನ್ನೂ ಬರೆದೆ. ತಪ್ಪಾಯ್ತು."

ಅವನು ಕಂಪನಿಯ ಗೋದಾಮಿನಲ್ಲಿ, ಕೇಬಲ್ಲಿನ ಸುರುಳಿಗಳ ಮಧ್ಯೆ ಮಲಗುತ್ತಿದ್ದುದನ್ನು, ಜೊತೆಗೆ ಕೆಲಸ ಮಾಡುವವರು ಊಟದ ಹೊತ್ತಿಗೆ ದೂರ ಕೂರುತ್ತಿದ್ದುದನ್ನು ಬೇರೆ ಯಾರದೋ ಸುದ್ದಿಯಂತೆ ಹೇಳಿದ. ಈಗಲೂ ಕೂರುತ್ತಾರೆ ಎಂದ. ನಿಮ್ಮನ್ನು ಕೊಂದುಬಿಡಬೇಕು ಅನ್ನಿಸಿ ಮೆಟ್ಟಿಲು ಹತ್ತಿದ್ದೆ, ಅರ್ಧದಲ್ಲಿ ಯಾಕೋ ಕಾಲು ಬರಲಿಲ್ಲ ಎಂದ. ಆಮೇಲೆ ಅವಳನ್ನು ಮೊದಲ ಸಲ ನೇರವಾಗಿ ನೋಡಿದ.

"ನೀವು ಎರಡು ಸಲ ನೋಡಿದ್ರಿ, ನಿಮಗೆ ಕಾಣಿಸ್ತು. ನಾನು ಎರಡು ವರ್ಷ ಒಂದೇ ಮನೇಲಿದ್ದೆ ಡಾಕ್ಟ್ರೇ. ಏನು ಕಾಣಿಸ್ತು ನಿಮಗೆ? ಎಲ್ಲಿ ನೋಡ್ಬೇಕು ಅಂತ ತೋರಿಸಿ ನನಗೆ."

ಹುಡುಗಿ ಅವನ ಅಂಗಿಯ ಚುಂಗು ಹಿಡಿದುಕೊಂಡು ಇಬ್ಬರ ಮುಖವನ್ನೂ ನೋಡುತ್ತಿದ್ದಳು. ದಂತವೈದ್ಯೆ ಮೊಣಕಾಲೂರಿ ಕೂತು, ನಿನ್ನ ತುಟಿ ಎತ್ತಿ ಅಪ್ಪನಿಗೆ ತೋರಿಸಬಹುದಾ, ಬೇಡ ಅಂದರೆ ಬೇಡ ಎಂದು ಕೇಳಿದಳು. ಹುಡುಗಿ ಯೋಚಿಸಿದಳು. ಸಾಕಷ್ಟು ಹೊತ್ತು ತೆಗೆದುಕೊಂಡಳು, ಯಾರೂ ಅವಸರಪಡಿಸಲಿಲ್ಲ. ಆಮೇಲೆ ನಾನೇ ಎತ್ತುತ್ತೇನೆ ಎಂದು ಬಲಗೈಯ ಎರಡು ಬೆರಳಿನಿಂದ ಮೇಲ್ದುಟಿ ಎತ್ತಿದಳು. ಅವನು ಬಗ್ಗಿದ. ಇಲ್ಲಿ, ಇದು ಹಳೆಯದು, ಇದು ಹೊಸದು, ಈಗ ಕೂಡಿಕೊಂಡಿದೆ ಎಂದು ದಂತವೈದ್ಯೆ ಮುಟ್ಟದೆ ತೋರಿಸಿದಳು. ಅವನ ಉಸಿರು ಮಗಳ ಮುಖಕ್ಕೆ ತಾಗುವಷ್ಟು ಹತ್ತಿರದಿಂದ ನೋಡಿದ, ನೋಡುತ್ತಲೇ ಇದ್ದ.

"ನಂಗೂ ತೋರಿಸಿ," ಎಂದಳು ಹುಡುಗಿ, ತುಟಿ ಬಿಡದೆ.

ಸಿಸ್ಟರಮ್ಮ ಕೈಗನ್ನಡಿ ತಂದು ಹಿಡಿದಳು. ಹುಡುಗಿ ತನ್ನ ಬಾಯಿಯನ್ನು ಅದೇ ಮೊದಲ ಸಲ ಒಳಗಿನಿಂದ ಕಾಣುವವಳಂತೆ ನೋಡಿದಳು, ಮುರಿದ ಹಲ್ಲು ನೋಡಿದಳು, ಬಿಳಿ ಗೆರೆ ನೋಡಿದಳು. ಸಣ್ಣದೇ ಇದೆ ಎಂದಳು, ಸ್ವಲ್ಪ ನಿರಾಸೆಯಾದವಳಂತೆ. ಆಮೇಲೆ ಕನ್ನಡಿಯಲ್ಲಿ ಅಪ್ಪನ ಮುಖ ಹುಡುಕಿ, ಆ ಮುಖಕ್ಕೇ ಹೇಳಿದಳು:

"ಉಣ್ಣಲ್ಲ ಅಂದ್ರೆ ಚಮಚ ಹೀಗೆ ತುರುಕ್ತಿದ್ರು. ಇಲ್ಲಿಗೆ ತಗುಲ್ತಿತ್ತು. ಹಲ್ಲು ಆ ದಿನ ಅಲ್ಲ, ಅದು ಬೇರೆ ದಿನ." ತುಟಿ ಬಿಟ್ಟಳು. "ಇನ್ನೂ ಇದೆ. ಹೇಳ್ಲಾ?"

ಅವನು ಹೂಂ ಎಂದು ತಲೆಯಾಡಿಸಿದ. ದಂತವೈದ್ಯೆ ಕುರ್ಚಿಯ ಮೇಲಿನ ದೀಪ ಆರಿಸಿದಳು. ಅವನಿಗೊಂದು ಸ್ಟೂಲು ಎಳೆದುಕೊಟ್ಟು, ತಾನು ಹೊರಗೆ ಹೋಗಲು ಎದ್ದಳು.

"ನೀವೂ ಕೂತ್ಕೊಳ್ಳಿ," ಎಂದಳು ಹುಡುಗಿ.

ಕೂತಳು.